ಕೂಗಬಾರದ ಹೆಸರು

ಕೆಂಪಮ್ಮ. ಈ ಮೂರಕ್ಷರವನ್ನು ಕಾಗದದ ಮೇಲೆ ಇಳಿಸುವ ಮೊದಲು ನಾನು ಎರಡು ಸಲ ಹಿಂದೆ ತಿರುಗಿ ನೋಡಿದೆ. ಮನೆಯಲ್ಲಿ ಯಾರೂ ಇಲ್ಲ. ಅತ್ತೆ ತೀರಿಕೊಂಡು ಎಷ್ಟೋ ವರ್ಷಗಳಾದವು. ಆದರೂ ಬರೆದ ಮೇಲೆ ಪೆನ್ನು ಕೆಳಗಿಟ್ಟು ಒಂದು ಲೋಟ ನೀರು ಕುಡಿದು ಬಂದೆ.

ಅದು ನಮ್ಮ ಅತ್ತೆಯ ಹೆಸರು. ಊರಮ್ಮನ ಹೆಸರೂ ಅದೇ. ತೊಂದರೆಯೆಲ್ಲ ಶುರುವಾದದ್ದು ಅಲ್ಲಿಂದಲೇ.

ನನ್ನ ತವರು ಪಾವಗಡದ ಆಚೆ, ಮನೆಮಾತು ತೆಲುಗು. ಎಪ್ಪತ್ತರ ದಶಕದ ನಡುವಿನಲ್ಲಿ ಕಂದಿಕೆರೆಯ ಹತ್ತಿರದ ಹಳ್ಳಿಗೆ ಸೊಸೆಯಾಗಿ ಬಂದೆ. ಕಡಲೆಕಾಯಿ ಬಿಟ್ಟರೆ ಬೇರೆ ಬೆಳೆ ಕಾಣದ ಊರಿನಿಂದ ತೆಂಗಿನ ತೋಟಕ್ಕೆ ಬಂದವಳು ನಾನು. ಮೊದಲ ವಾರವಿಡೀ ತಲೆಯೆತ್ತಿ ನೋಡಿ ಕತ್ತು ನೋಯಿಸಿಕೊಂಡಿದ್ದೆ. ಗಂಡನ ಹೆಸರು, ಅತ್ತೆ ಮಾವನ ಹೆಸರು ಬಾಯಲ್ಲಿ ಬರಬಾರದು ಎನ್ನುವುದು ನಮ್ಮ ಕಡೆಯೂ ಇತ್ತು, ಅದೇನೂ ಹೊಸದಲ್ಲ. ಇಲ್ಲಿ ಮಾತ್ರ ಅತ್ತೆಯ ಹೆಸರಿನ ಜೊತೆಗೆ ದೇವಿಯ ಹೆಸರೂ ಹೋಯಿತು. ಅಷ್ಟೇ ಆಗಿದ್ದರೆ ಹೇಗೋ ನಡೆಯುತ್ತಿತ್ತು. ಆ ಬಣ್ಣದ ಹೆಸರನ್ನೂ ಹೇಳುವಂತಿರಲಿಲ್ಲ. ಸೀರೆ ಕೊಳ್ಳಲು ಹೋದರೆ "ದಾಸವಾಳದ ಬಣ್ಣದ್ದು ತೋರಿಸಿ" ಎನ್ನುತ್ತಿದ್ದೆ. ತೋಟದ ಮಣ್ಣಿಗೆ "ಕುಂಕುಮದಂಥ ಮಣ್ಣು" ಎನ್ನುತ್ತಿದ್ದೆ. ನಮ್ಮ ಮನೆಯವರು ನಗುತ್ತಿದ್ದರು. ನಗುವವರಿಗೇನು, ಅವರ ಬಾಯಿಗೆ ಯಾರೂ ಬೀಗ ಹಾಕಿರಲಿಲ್ಲ.

ಸೊಸೆಯ ಬಾಯಲ್ಲಿ ಹೆಸರು ಬಂದರೆ ಅತ್ತೆಯ ಆಯಸ್ಸು ಅಲ್ಲಿಗೆ ಮುಗಿಯಿತು ಎಂದು ಆ ಊರಿನಲ್ಲಿ ನಂಬುತ್ತಿದ್ದರು. ನಾನೂ ನಂಬಿದ್ದೆ. ಎಸ್ಸೆಸ್ಸೆಲ್ಸಿ ಪಾಸಾದವಳು, ಆದರೂ ನಂಬಿದ್ದೆ, ಅದನ್ನು ಮುಚ್ಚಿಡುವುದಿಲ್ಲ. ಅತ್ತೆಯೂ ಈ ಕಟ್ಟಿನಲ್ಲಿ ಬೆಂದವರೇ. ಅವರ ಅತ್ತೆಗೂ ಅದೇ ಹೆಸರಿತ್ತಂತೆ. ಹಾಗಾಗಿ ಮದುವೆಯಾಗಿ ಬಂದ ದಿನವೇ ಇವರ ಹೆಸರನ್ನು ಬಚ್ಚಿಟ್ಟು, "ಹಾಲ್ಕುರಿಕೆಯೋಳು" ಎಂದು ತವರೂರಿನ ಹೆಸರಿನಿಂದ ಕರೆದರಂತೆ. ಹಿರಿಯಾಕೆ ತೀರಿಕೊಂಡ ಮೇಲೂ ಊರಿನವರಿಗೆ ಅದೇ ರೂಢಿಯಾಯಿತು.

ನನ್ನನ್ನು ಕಳಿಸಿಕೊಡುವಾಗ ಅಮ್ಮ ಒಂದು ಮಾತು ಹೇಳಿದ್ದಳು: "ಅಕ್ಕಡ ಕೂಡಾ ಮನ ಎರ್ರಮ್ಮೇ ಉಂದಿ, ಭಯಪಡಕು." ಅಲ್ಲಿರುವವಳೂ ನಮ್ಮ ಎರ್ರಮ್ಮನೇ, ಹೆದರಬೇಡ ಎಂದು. ನಮ್ಮೂರ ಬೇವಿನ ಮರದಡಿ ಇರುವ ಕಲ್ಲು ಎರ್ರಮ್ಮ. ಎರ್ರ ಎಂದರೆ ತೆಲುಗಿನಲ್ಲಿ ಆ ಬಣ್ಣವೇ. ಇಲ್ಲಿ ಕೆರೆ ಏರಿಯ ಕೆಳಗಿನ ಕಲ್ಲಿಗೆ ಅದೇ ಅರ್ಥದ ಕನ್ನಡ ಹೆಸರು. ಅಲ್ಲಿಯೂ ಕುಂಕುಮ ಮೆತ್ತಿದ ಕಲ್ಲು, ತಂಬಿಟ್ಟಿನ ಆರತಿ, ಇಲ್ಲಿಯೂ ಅದೇ. ಅತ್ತೆಯ ಹಿರಿಯರು ದನಗಳ ಜೊತೆ ಆ ಕಡೆಯಿಂದಲೇ ಬಂದವರು, ತಾಯಿಯನ್ನು ಕುಕ್ಕೆಯಲ್ಲಿ ಹೊತ್ತು ತಂದರು, ದಾರಿಯಲ್ಲಿ ಭಾಷೆ ಬದಲಾಯಿತು ಎಂದು ಪೂಜಾರಪ್ಪ ಹೇಳುತ್ತಿದ್ದ. ಕೇಳಲು ಚೆನ್ನಾಗಿತ್ತು. ಒಳಗೊಳಗೇ ನನಗೊಂದು ಅನುಮಾನ ಉಳಿದಿತ್ತು. ಅಷ್ಟು ದೂರ ಬಂದು, ಅಷ್ಟು ಕಾಲ ಬೇರೆ ಹೆಸರಿನಲ್ಲಿ ಕರೆಸಿಕೊಂಡವಳಿಗೆ ಹಳೆಯ ಹೆಸರು ನೆನಪಿರುತ್ತದೆಯೇ?

ನಾನು ಬಂದು ಮೂರ್ನಾಲ್ಕು ವರ್ಷಕ್ಕೆ ಊರಿನ ಹಿರಿಯರು ಗುಡಿಗೆ ಆರ್‌ಸಿಸಿ ಹಾಕಿಸಿದರು. ಪ್ರತಿಷ್ಠೆಗೆ ಪಟ್ಟಣದಿಂದ ಶಾಸ್ತ್ರಿಗಳು ಬಂದರು. ಊರಮ್ಮನಿಗೆ ಇಷ್ಟು ಒರಟಾದ ಹೆಸರು ಬೇಡ ಎಂದು ಸಂಸ್ಕೃತದಲ್ಲಿ ಒಂದು ಹೆಸರು ಕೊಟ್ಟರು. ಬಾಗಿಲ ಮೇಲೆ ಬೋರ್ಡು ಕಟ್ಟಿ, ಹಳದಿ ಬಣ್ಣದಲ್ಲಿ "ಶ್ರೀ ಅರುಣಾಂಬಿಕಾ ಅಮ್ಮನವರು" ಎಂದು ಬರೆಸಿದರು. ನನಗಂತೂ ಹೇಳತೀರದ ಖುಷಿ. ಕೊನೆಗೂ ನನ್ನ ನಾಲಿಗೆಗೆ ಒಂದು ಹೆಸರು ಸಿಕ್ಕಿತು ಎಂದು ಎಲ್ಲರ ಮುಂದೆ ಅರುಣಾಂಬಿಕೆ, ಅರುಣಾಂಬಿಕೆ ಎಂದು ಹೇಳಿಕೊಂಡು ಓಡಾಡಿದೆ. ಅತ್ತೆ ಒಂದು ದಿನ ಕೇಳಿ ಕೇಳಿ ಸಾಕಾಗಿ, "ಅದ್ಯಾವ್ಳೇ ಅವ್ಳು, ಪ್ಯಾಟೆಯೋಳು? ಬೋಲ್ಡು ಕಟ್ಟಿ ಮೂರ್ ತಿಂಗ್ಳಾಗಿಲ್ಲ, ಅವ್ಳ ಹೆಸ್ರು ಅವ್ಳಿಗೇ ಗೊತ್ತಿರಕಿಲ್ಲ" ಎಂದರು. ಇಬ್ಬರೂ ನಕ್ಕಿದ್ದೆವು. ಆಮೇಲೆ ಬಹಳ ದಿನ ಆ ಮನೆಯಲ್ಲಿ ಯಾರೂ ನಗಲಿಲ್ಲ.

ನನ್ನ ಮಗಳಿಗೆ ಆಗ ಎರಡು ವರ್ಷ ತುಂಬಿತ್ತು. ಒಂದು ಸೋಮವಾರ ಮೈ ಸುಡತೊಡಗಿತು. ಮೂರನೆಯ ದಿನ ಕಿವಿಯ ಹಿಂದೆ ಸಣ್ಣ ಗುಳ್ಳೆಗಳು ಎದ್ದು, ಸಂಜೆಯೊಳಗೆ ಮುಖ, ಎದೆಯೆಲ್ಲ ತುಂಬಿಕೊಂಡವು. ಅತ್ತೆ ಒಂದೇ ಒಂದು ಸಲ ನೋಡಿ, "ಅಮ್ಮ ಬಂದವ್ಳೆ" ಎಂದು ತಗ್ಗಿದ ದನಿಯಲ್ಲಿ ಹೇಳಿ, ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿದರು. ಒಲೆಯ ಮೇಲಿನ ಒಗ್ಗರಣೆ ನಿಂತಿತು. ಮನೆಯಲ್ಲಿ ಜೋರು ಮಾತು ನಿಂತಿತು. ಬಂದಿರುವವಳು ದೊಡ್ಡವಳು, ಅವಳಿಗೆ ಕೋಪ ಬರಬಾರದು ಎಂದು ನಾವು ನಮ್ಮದೇ ಮನೆಯಲ್ಲಿ ತುದಿಗಾಲಲ್ಲಿ ಓಡಾಡಿದೆವು.

ಇಂಥ ಹೊತ್ತಿನಲ್ಲಿ ಅತ್ತೆಯ ಊರಿನ ಕಡೆ ಮುಡಿಪಿನ ಕಾಯಿ ಕಟ್ಟುತ್ತಾರೆ. ಸಿಪ್ಪೆ ಸಮೇತ ಒಂದು ಬಲಿತ ತೆಂಗಿನಕಾಯಿಯನ್ನು ಅರಿಶಿನದ ಬಟ್ಟೆಯಲ್ಲಿ ಕಟ್ಟಿ, ಹೆತ್ತ ತಾಯಿಯೇ ಅದನ್ನು ಎರಡು ಕೈಯಲ್ಲಿ ಎತ್ತಿ ಹಿಡಿದು, ದೇವಿಯ ಹೆಸರನ್ನು ಮೂರು ಸಲ ಬಾಯಿಬಿಟ್ಟು ಕೂಗಬೇಕು. ಆಮೇಲೆ ಅದನ್ನು ಅಟ್ಟದ ಮೂಲೆಯಲ್ಲಿ, ಕೊಬ್ಬರಿಗೆ ಹಾಕಿದ ಕಾಯಿಗಳಿಂದ ದೂರ ಇಡುತ್ತಾರೆ. ಒಂದು ವರ್ಷ ಯಾರೂ ಮುಟ್ಟುವಂತಿಲ್ಲ. ವರ್ಷ ತುಂಬಿದ ಮೇಲೆ ಒಡೆದಾಗ ಒಳ್ಳೆಯ ಉಂಡೆ ಕೊಬ್ಬರಿ ಬಂದರೆ ತಾಯಿ ಇಸ್ಕೊಂಡಳು ಎಂದು ಅರ್ಥ. ಕೊಳೆತಿದ್ದರೆ ಹರಕೆ ಅವಳನ್ನು ಮುಟ್ಟಲೇ ಇಲ್ಲ ಎಂದು. ಬೇರೆಯವರು ಕೂಗುವ ಹಾಗಿಲ್ಲ, ಬರೀ "ತಾಯಿ" ಎಂದರೆ ಆಗದು. ಯಾವ ತಾಯಿ ಎಂದು ಹೇಳಬೇಕು.

ಅತ್ತೆ ಕಾಯಿ ಕಟ್ಟಿ ನನ್ನ ಕೈಗೆ ಕೊಟ್ಟು ಹಿತ್ತಲಿಗೆ ಹೋದರು. ನನಗೆ ಅನುಕೂಲವಾಗಲಿ ಎಂದೇ ಹೋದರೋ ಏನೋ. ನಾನು ಕಾಯಿ ಎತ್ತಿ ಹಿಡಿದೆ. ಕನ್ನಡದ ಹೆಸರನ್ನು ಕೂಗುವಂತಿರಲಿಲ್ಲ. ಬೋರ್ಡಿನ ಹೆಸರನ್ನು ಕೂಗೋಣವೆಂದರೆ, ಮೈಯೆಲ್ಲ ಉರಿಯುತ್ತಿರುವ ಮಗುವನ್ನು ಮುಂದಿಟ್ಟುಕೊಂಡು ಆ ಹೆಸರು ಯಾರದೋ ಮನೆಯದು ಎನ್ನಿಸಿತು. ಅಮ್ಮ ನನ್ನ ಜ್ವರಕ್ಕೆ ಕೂಗುತ್ತಿದ್ದದ್ದೇ ಬಾಯಿಗೆ ಬಂತು. "ಎರ್ರಮ್ಮ ತಲ್ಲೀ, ಚಲ್ಲಗಾ ಚೂಡು." ತಾಯೀ, ತಣ್ಣಗೆ ನೋಡಿಕೋ. ಮೂರು ಸಲ ಕೂಗಿ, ಏಣಿ ಹತ್ತಿ ಕಾಯಿ ಇಟ್ಟು ಬಂದೆ.

ಎರಡು ದಿನ ಕಳೆಯಿತು. ಗುಳ್ಳೆ ಮಾಗುವ ಬದಲು ಮಗು ಮುದುಡಿಕೊಂಡಿತು. ಹಾಲು ಬೇಡ, ನೀರು ಬೇಡ. ಮೂರನೆಯ ದಿನ ಬೆಳಿಗ್ಗೆ ಉಸಿರು ಎಳೆಯತೊಡಗಿತು. ಒಂದೊಂದು ಉಸಿರಿಗೂ ಪಕ್ಕೆ ಒಳಕ್ಕೆ ಹೋಗುತ್ತಿತ್ತು. ನಾನು ನನ್ನ ಉಸಿರನ್ನು ಹಿಡಿದುಕೊಂಡು ಅದರ ಮುಂದಿನ ಉಸಿರಿಗೆ ಕಾಯುತ್ತಿದ್ದೆ. ಅಷ್ಟು ಭಯವನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ, ಆಮೇಲೂ ಕಂಡಿಲ್ಲ.

ತೀರ್ಥ ತಂದ ಪೂಜಾರಪ್ಪ ಹೊಸಿಲಾಚೆಯೇ ನಿಂತು ಕೇಳಿದ: "ಮುಡಿಪು ಕಟ್ಟಿದ್ರಾ?"

"ಕಟ್ಟಿದ್ದೀನಿ."

"ಯಾವ್ ಹೆಸ್ರಿಗೆ ಕೂಗ್ದವ್ವ?"

ಹೇಳಿದೆ. ಅವನು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಮಗುವಿನ ಕಡೆ ನೋಡಿ, "ಹಂಗಾರೆ ಅದು ಪಾವಗಡುಕ್ಕೆ ಹೋಗಿರ್ತದೆ ಬುಡು. ಇಲ್ಲಿ ಮನೇಗೆ ಬಂದು ಕೂತಿರೋಳು ಇವ್ಳು. ಇವ್ಳನ್ನ ಇನ್ನೂ ಯಾರೂ ಮಾತಾಡ್ಸೇ ಇಲ್ವಲ್ಲವ್ವ" ಎಂದು ಹೇಳಿ ಹೊರಟುಹೋದ.

ಮನೆಗೆ ಬಂದವಳನ್ನು ಐದು ದಿನದಿಂದ ಹೆಸರು ಹಿಡಿದು ಕರೆಯದೆ, ದೂರದಲ್ಲಿರುವ ಇನ್ನೊಬ್ಬಳಿಗೆ ಹರಕೆ ಕಟ್ಟಿದ್ದೇನೆ. ಕೋಪ ಬರದೆ ಇರುತ್ತದೆಯೇ? ಇಬ್ಬರೂ ಒಬ್ಬಳೇ ಎಂದು ಅಮ್ಮ ಹೇಳಿದ್ದು ನಿಜವಾಗಿದ್ದರೆ ಮಗುವಿಗೆ ಇಷ್ಟು ಹೊತ್ತಿಗೆ ಗುಣ ಕಾಣಬೇಕಿತ್ತು. ಹೆಸರಿನ ಜೊತೆ ದೇವರೂ ಬದಲಾಗುತ್ತದೆ, ಹಾಗಾದರೆ. ನಾನು ಗೋಡೆಗೆ ಒರಗಿ ಅಳಲೂ ಆಗದೆ ಕುಳಿತೆ. ಮಗುವಿಗಾಗಿ ಕೂಗಿದರೆ ಅತ್ತೆ ಹೋಗುತ್ತಾರೆ, ಅತ್ತೆಗಾಗಿ ಸುಮ್ಮನಿದ್ದರೆ ಮಗು ಹೋಗುತ್ತದೆ. ನಮ್ಮ ಮನೆಯವರು ಬಸ್ಸಿನ ಹೊತ್ತು ಕೇಳಿಕೊಂಡು ಬರಲು ರಸ್ತೆಗೆ ಹೋಗಿದ್ದರು. ಮನೆಯಲ್ಲಿ ನಾವು ಮೂವರೇ.

ಅತ್ತೆ ಬಚ್ಚಲಿನಿಂದ ಬಂದರು. ಹೊತ್ತಲ್ಲದ ಹೊತ್ತಿನಲ್ಲಿ ತಲೆಗೆ ಸ್ನಾನ ಮಾಡಿದ್ದರು. ಪೆಟ್ಟಿಗೆಯಲ್ಲಿದ್ದ ಒಳ್ಳೆಯ ಸೀರೆ ಉಟ್ಟು, ಹಣೆಗೆ ವಿಭೂತಿ ಇಟ್ಟುಕೊಂಡಿದ್ದರು. ಕೈಯಲ್ಲಿ ಇನ್ನೊಂದು ಕಾಯಿ, ಅರಿಶಿನದ ಬಟ್ಟೆಯಲ್ಲಿ ಕಟ್ಟಿದ್ದು. ಅದನ್ನು ನನ್ನ ಮಡಿಲಿಗೆ ಹಾಕಿ, ನನ್ನೆದುರಿನ ಕಂಬಕ್ಕೆ ಒರಗಿ ಕಾಲು ಚಾಚಿ ಕುಳಿತರು.

"ಕೂಗು" ಎಂದರು.

"ಬ್ಯಾಡ ಅತ್ತೆ."

"ಕೂಗೇ. ನಾನು ಉಂಡಿದ್ದೀನಿ, ಉಟ್ಟಿದ್ದೀನಿ, ಮೊಮ್ಮಗೀನೂ ಕಂಡಿದ್ದೀನಿ. ಅದು ಇನ್ನೂ ಏನ್ ಕಂಡದೆ?"

"ನನ್ ಕೈಲಾಗಲ್ಲ."

"ಆಯ್ತದೆ. ನನ್ ಮೊಕ ನೋಡ್ಬ್ಯಾಡ. ಮಗೀನ್ ಮೊಕ ನೋಡ್ಕಂಡು ಕೂಗು."

ಕೂಗಿದೆ. ಮೊದಲ ಸಲ ದನಿ ಹೊರಡಲಿಲ್ಲ. ಎರಡನೆಯ ಸಲ ಹೊರಟಿತು. ಮೂರನೆಯ ಸಲ ಎಷ್ಟು ಜೋರಾಗಿ ಕೂಗಿದೆನೆಂದರೆ ಕೊಟ್ಟಿಗೆಯಲ್ಲಿ ಮಲಗಿದ್ದ ಎಮ್ಮೆ ಎದ್ದು ನಿಂತಿತು. ಮೊದಲನೆಯದು ಲೆಕ್ಕಕ್ಕಿಲ್ಲ ಎಂದು ಹೆದರಿ ನಾಲ್ಕನೆಯ ಸಲವೂ ಕೂಗಿದೆ. ಆಮೇಲೆ ಕಣ್ಣು ಬಿಡಲು ಧೈರ್ಯವಾಗಲಿಲ್ಲ. ಬಿಟ್ಟರೆ ಕಂಬದ ಹತ್ತಿರ ಅತ್ತೆ ಹೇಗಿರುತ್ತಾರೋ ಎಂದು ಮುಖ ಮುಚ್ಚಿಕೊಂಡೆ. ಸೀರೆಯ ಸರಬರ ಕೇಳಿಸಿತು. ಅತ್ತೆ ಎದ್ದು, ಕಾಯಿ ತೆಗೆದುಕೊಂಡು, ತಾವೇ ಏಣಿ ಹತ್ತಿ ಅಟ್ಟದಲ್ಲಿ ಇಟ್ಟು ಬಂದರು. ಇಳಿದ ಮೇಲೆ, "ಈಗ ಆಸ್ಪತ್ರೆಗೆ ನಡಿ. ಸೂಜಿ ಬ್ಯಾಡ ಅಂತ ಅವ್ಳೇನೂ ಅಂದಿಲ್ಲ" ಎಂದರು.

ಮಧ್ಯಾಹ್ನದ ಬಸ್ಸಿಗೆ ಚಿಕ್ಕನಾಯಕನಹಳ್ಳಿಗೆ ಹೋದೆವು. ಡಾಕ್ಟರು ಎದೆಗೆ ಕೊಳವೆ ಇಟ್ಟು ನೋಡಿ, ಶ್ವಾಸಕೋಶಕ್ಕೆ ಇಳಿದಿದೆ, ಇನ್ನೊಂದು ದಿನ ತಡ ಮಾಡಿದ್ದರೆ ನನ್ನ ಕೈಯಲ್ಲಿರಲಿಲ್ಲ ಎಂದರು. ಗುಳ್ಳೆಗಳು ಅಷ್ಟರಲ್ಲಿ ಕಪ್ಪಿಟ್ಟಿದ್ದವು. "ಮೊದ್ಲು ಬಂದಾಗ ಯಾವ ಬಣ್ಣ ಇತ್ತಮ್ಮ?" ಎಂದು ಕೇಳಿದರು.

"ದಾಸವಾಳದ ಬಣ್ಣ ಸ್ವಾಮಿ."

"ದಾಸವಾಳ ಬಿಳೀದೂ ಇರುತ್ತಲ್ಲಮ್ಮ. ಸರಿಯಾಗಿ ಹೇಳಿ."

ಅಂದು ಬೆಳಿಗ್ಗೆ ನಾಲ್ಕು ಸಲ ಕೂಗಿದ ಬಾಯಿ ಅದು. ಆದರೂ ಆ ಮಾತು ಹೊರಡಲಿಲ್ಲ. ಬೆಂಚಿನ ಮೇಲೆ ಕುಳಿತಿದ್ದ ಅತ್ತೆಯೇ, "ಕೆಂಪುಗಿತ್ತು ಸ್ವಾಮಿ, ಕೆಂಡದಂಗೆ" ಎಂದರು.

ಇಂಜೆಕ್ಷನ್ನು ಶುರುವಾಯಿತು. ನಾಲ್ಕನೆಯ ದಿನ ಮಗು ಕಣ್ಣು ಬಿಟ್ಟು ಹಾಲು ಕೇಳಿತು. ಇಂಜೆಕ್ಷನ್ನಿನಿಂದಲೇ ಬದುಕಿದೆ ಎಂದು ಈಗ ಆ ಮಗಳೇ ನನಗೆ ಹೇಳುತ್ತಾಳೆ. ಇರಬಹುದು. ನಾನು ವಾದ ಮಾಡುವುದಿಲ್ಲ.

ಮಗುವಿನ ಮೇಲಿದ್ದ ಭಯ ಆ ದಿನದಿಂದ ಹಾಗೆಯೇ ಎದ್ದು ಅತ್ತೆಯ ಮೇಲೆ ಹೋಗಿ ಕುಳಿತಿತು. ಅವರು ಕೆಮ್ಮಿದರೆ ಕೈಯಲ್ಲಿದ್ದ ಪಾತ್ರೆ ಬೀಳುತ್ತಿತ್ತು. ಮುದ್ದೆ ಅರ್ಧಕ್ಕೆ ಬಿಟ್ಟರೆ ನನಗೆ ಊಟ ಸೇರುತ್ತಿರಲಿಲ್ಲ. ಬೆಳಿಗ್ಗೆ ಏಳುವುದು ತಡವಾದರೆ ಹೋಗಿ ಮೂಗಿನ ಹತ್ತಿರ ಕೈ ಇಟ್ಟು ನೋಡುತ್ತಿದ್ದೆ. ತೋಟಕ್ಕೆ ಹೋದರೆ ತಲೆಯ ಮೇಲೆ ಕಾಯಿ ಬೀಳುತ್ತದೆ ಎಂದು ಹಿಂದೆಯೇ ಓಡುತ್ತಿದ್ದೆ. ಇಷ್ಟನ್ನೂ ಅತ್ತೆ ನೋಡಿ ನೋಡಿ, ಒಂದು ದಿನ ಸೊಂಟದ ಮೇಲೆ ಕೈ ಇಟ್ಟುಕೊಂಡು, "ಏನೇ, ಇವತ್ತೋ ನಾಳೆಯೋ ಅಂತ ಕಾಯ್ತಾ ಇದ್ದೀಯಾ? ನಿನ್ ಕಣ್ಣಿಗೇ ಹೋಯ್ತೀನಿ ಕಣೇ ನಾನು, ಬಾಯಿಗಲ್ಲ" ಎಂದರು. ನನಗೆ ಅಳು ಬಂತು. ಅವರು ನಗುತ್ತಿದ್ದವರು ನಿಲ್ಲಿಸಿ, ನನ್ನ ತಲೆಯ ಮೇಲೆ ಕೈ ಇಟ್ಟು ಒಳಗೆ ಹೋದರು. ಕೈ ಬೆಚ್ಚಗಿತ್ತು. ಅಷ್ಟರಿಂದ ಎರಡು ದಿನ ಧೈರ್ಯವಾಗಿದ್ದೆ.

ಅಟ್ಟದ ಮೇಲೆ ಎರಡು ಕಾಯಿ ಒಣಗುತ್ತಿದ್ದವು. ಮೊದಲನೆಯದು ಕೊಳೆತಿರುತ್ತದೆ ಎಂದು ನನಗೆ ಖಾತ್ರಿಯಿತ್ತು. ಪೂಜಾರಪ್ಪನೂ ಹಾಗೆಯೇ ಹೇಳಿದ್ದ. ಅಡುಗೆ ಮನೆಯಲ್ಲಿದ್ದಾಗ ಮೇಲಿಂದ ಏನಾದರೂ ವಾಸನೆ ಬಂದರೆ, ಅದು ಆ ಕಾಯಿಯದೇ ಇರಬೇಕು ಎಂದು ನಡುಗುತ್ತಿದ್ದೆ.

ವರ್ಷ ತುಂಬಿತು, ಅತ್ತೆ ಇದ್ದರು. ಒಂದು ಮಂಗಳವಾರ ಬೆಳಿಗ್ಗೆ ಎರಡೂ ಕಾಯಿಗಳನ್ನು ಇಳಿಸಿ, ಸಿಪ್ಪೆ ಸುಲಿದು, ನಡುಮನೆಯಲ್ಲಿ ಕುಳಿತರು. ಮಗಳು ಪಕ್ಕದಲ್ಲೇ ಕುಳಿತು ನಾರು ಕಿತ್ತು ಆಡುತ್ತಿದ್ದಳು. ಎರಡನೆಯದನ್ನು ಮೊದಲು ತೆಗೆದುಕೊಂಡರು. ಕಿವಿಯ ಹತ್ತಿರ ಅಲ್ಲಾಡಿಸಿದಾಗ ಒಳಗೆ ಉಂಡೆ ಗಡಗಡ ಎಂದಿತು. ಚಿಪ್ಪು ಒಡೆದರೆ ಒಂದೂ ಕಲೆಯಿಲ್ಲದ ಕೊಬ್ಬರಿ. ಕಣ್ಣಿಗೆ ಒತ್ತಿಕೊಂಡು ಮಗಳ ಕೈಗೆ ಕೊಟ್ಟರು.

ಮೊದಲನೆಯದನ್ನು ನಾನು ನೋಡಲಾರದೆ ತಲೆ ತಗ್ಗಿಸಿದೆ. ಅದೂ ಗಡಗಡ ಎಂದಿತು. ಅತ್ತೆ ಇನ್ನೊಮ್ಮೆ ಅಲ್ಲಾಡಿಸಿದರು. ನಂಬಿಕೆ ಬರಲಿಲ್ಲವೆಂದು ಕಾಣುತ್ತದೆ, ನನ್ನ ಕಿವಿಯ ಹತ್ತಿರವೂ ಹಿಡಿದರು. ಒಡೆದರು. ಅದೂ ಹಾಗೆಯೇ ಇತ್ತು. ಸ್ವಲ್ಪವೂ ಕೆಟ್ಟಿರಲಿಲ್ಲ, ಮೂಸಿದರೆ ಎಣ್ಣೆಯ ಒಳ್ಳೆಯ ವಾಸನೆ.

ವರ್ಷದಿಂದ ಎದೆಯ ಮೇಲೆ ಕುಳಿತಿದ್ದದ್ದು ಒಂದೇ ಸಲ ಇಳಿದಂತಾಯಿತು. ಅಮ್ಮ ಹೇಳಿದ್ದು ನಿಜ, ಅಲ್ಲಿರುವವಳೂ ಇವಳೇ ಎಂದು ಎದ್ದು ಕುಣಿಯಬೇಕೆನ್ನಿಸಿತು. "ಅತ್ತೆ, ಎರಡ್ನೂ ಇಸ್ಕೊಂಡವ್ಳೆ!" ಎಂದೆ.

ಅತ್ತೆ ನಗಲಿಲ್ಲ. ಉಂಡೆಯನ್ನು ಎರಡು ಕೈಯಲ್ಲಿ ಹಿಡಿದುಕೊಂಡು ಹಾಗೆಯೇ ಕುಳಿತಿದ್ದರು. ಅವರ ಮುಖ ನೋಡಿ ನನಗೆ ಮತ್ತೆ ಹೆದರಿಕೆಯಾಯಿತು.

"ಹಂಗಾರೆ ಯಾವ್ ಹೆಸ್ರಲ್ ಕೂಗಿದ್ರೂ ಅವ್ಳಿಗೆ ಕೇಳ್ತಿತ್ತಾ?" ಎಂದರು. ನನ್ನನ್ನು ಕೇಳಿದ ಹಾಗಿರಲಿಲ್ಲ.

ಆಮೇಲೆ ಹೇಳಿದರು. ನಮ್ಮ ಮನೆಯವರು ಹುಟ್ಟುವ ಮೊದಲು ಅವರಿಗೊಂದು ಗಂಡು ಮಗುವಾಗಿತ್ತು. ಮೂರು ತಿಂಗಳಿಗೆ ಅಮ್ಮ ಬಂದಿತು. ಆಗಿನದು ದೊಡ್ಡ ಅಮ್ಮ, ಸಿಡುಬು. ಕಾಯಿ ಕಟ್ಟಿ ಕೈಗೆ ಕೊಟ್ಟರಂತೆ. ದೇವಿಯ ಹೆಸರೇ ಎದುರಿಗೆ ಕುಳಿತ ಅತ್ತೆಯ ಹೆಸರು. ಕೂಗು ಎಂದು ಆ ಹಿರಿಯಾಕೆ ಹೇಳಲಿಲ್ಲ. ಇವರಿಗೆ ಬೇರೆ ಭಾಷೆ ಬರುತ್ತಿರಲಿಲ್ಲ, ಬೋರ್ಡಿನ ಹೆಸರು ಇನ್ನೂ ಹುಟ್ಟಿರಲಿಲ್ಲ. ಹತ್ತೊಂಬತ್ತು ವರ್ಷದ ಹೆಣ್ಣು ಕಾಯಿ ಹಿಡಿದುಕೊಂಡು, ಬಾಯಿ ಮುಚ್ಚಿಕೊಂಡು, ಮಗುವಿನ ಉಸಿರು ನಿಲ್ಲುವ ತನಕ ಹಾಗೆಯೇ ಕುಳಿತಿತ್ತು.

"ಏನಾದ್ರೂ ಒಂದು ಅಂದಿದ್ರೆ ಆಗ್ತಿತ್ತು ಕಣೇ. ನಾನು ಯಾವ್ ಹೆಸ್ರನ್ನೂ ಕೂಗ್ಲಿಲ್ಲ."

ನಾನು ಕೇಳಬಾರದ್ದನ್ನೇ ಕೇಳಿದೆ. "ಮಗೀನ ಹೆಸ್ರೇನತ್ತೆ?"

"ಇಟ್ಟಿರ್ಲಿಲ್ಲ" ಎಂದರು. "ಐದು ತಿಂಗ್ಳಿಗೆ ಇಡಣ ಅಂತಿದ್ರು."

ಎದ್ದು ಹೋಗಿ ಆ ಕೊಬ್ಬರಿಯನ್ನು ದೇವರ ಗೂಡಿನಲ್ಲಿ, ದೀಪದ ಹಿಂದೆ ಇಟ್ಟರು. ಅದನ್ನು ಯಾರೂ ತಿನ್ನಲಿಲ್ಲ.